ಓದುಗರ ಪ್ರಶ್ನೆ: ಮುದುಕಿ, ಫ್ಯಾನಿ, ಮೈಸೂರು ಬ್ಯಾಂಕು

ಪ್ರ: ಬ್ಯಾಂಕ್ ಆಫ್ ಇಂಗ್ಲೆಂಡನ್ನು ‘ಥ್ರೆಡ್‌ನೀಡಲ್ ಬೀದಿಯ ಮುದುಕಿ’ ಅನ್ನುವುದೇಕೆ?
– ಓದುಗರು, ಕುವೆಂಪುನಗರ, ಮೈಸೂರು

ಉ: ಬೀದಿ ಅದರ ವಿಳಾಸ, 1734ರಿಂದ ಬ್ಯಾಂಕು ಲಂಡನ್ನಿನ ಆ ಬೀದಿಯಲ್ಲೇ ಇದೆ. ಮುದುಕಿ ಬಂದದ್ದು ವ್ಯಂಗ್ಯಚಿತ್ರದಿಂದ. 1797ರ ಫೆಬ್ರವರಿಯಲ್ಲಿ ಫ್ರೆಂಚ್ ಪಡೆ ವೇಲ್ಸ್ ತೀರಕ್ಕೆ ಇಳಿಯಿತು. ದಿಗಿಲುಬಿದ್ದ ಜನ ನೋಟು ಕೊಟ್ಟು ಚಿನ್ನ ಪಡೆಯಲು ಮುಗಿಬಿದ್ದರು. ಯುದ್ಧದ ಖರ್ಚಿಗೆಂದು ಸರ್ಕಾರ ಸಾಲ ಎತ್ತಿ ಎತ್ತಿ ಬ್ಯಾಂಕಿನ ತಿಜೋರಿ ಮೊದಲೇ ಸೊರಗಿತ್ತು. ಪ್ರಧಾನಿ ವಿಲಿಯಂ ಪಿಟ್‌ನ ಸರ್ಕಾರ ಚಿನ್ನ ಕೊಡುವುದನ್ನೇ ನಿಲ್ಲಿಸಿತು. ಒಂದು, ಎರಡು ಪೌಂಡಿನ ಸಣ್ಣ ನೋಟುಗಳು ಬಂದವು. ಮೇ ತಿಂಗಳಲ್ಲಿ ಜೇಮ್ಸ್ ಗಿಲ್‌ರೇ ಬರೆದ ಚಿತ್ರದಲ್ಲಿ ಮುದುಕಿಯ ಗೌನೆಲ್ಲ ಒಂದು ಪೌಂಡಿನ ನೋಟುಗಳೇ. ಬೀಗ ಜಡಿದ ಪೆಟ್ಟಿಗೆಯ ಮೇಲೆ ಕೂತು ಕಿರುಚಿಕೊಳ್ಳುತ್ತಿದ್ದಾಳೆ. ಕಡ್ಡಿಯಂಥ ಪಿಟ್ ಮುತ್ತಿಡುವ ನೆಪದಲ್ಲಿ ಅವಳ ಜೇಬಿಗೆ ಕೈ ಇಳಿಸಿದ್ದಾನೆ. ಗೇಲಿ ಮಾಡಿದ್ದು ಪಿಟ್‌ನನ್ನು, ಹೆಸರು ಅಂಟಿದ್ದು ಬ್ಯಾಂಕಿಗೆ! ನೋಟಿಗೆ ಚಿನ್ನ ಮತ್ತೆ ಸಲೀಸಾಗಿ ಸಿಕ್ಕಿದ್ದು 1821ರಲ್ಲಿ.

ಪ್ರ: ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಗಂಡ ಹೆಂಡಿರೇ?
– ಓದುಗರು, ಮದ್ದೂರು

ಉ: ಅಲ್ಲ, ಅಮೆರಿಕದ ಗೃಹಸಾಲ ಸಂಸ್ಥೆಗಳು. 1938ರ ಫೆಡರಲ್ ನ್ಯಾಷನಲ್ ಮಾರ್ಟ್‌ಗೇಜ್ ಅಸೋಸಿಯೇಷನ್ನಿನ ಮೊದಲಕ್ಷರ ‘ಎಫ್‌ಎನ್‌ಎಂಎ’ ನಾಲಿಗೆಯಲ್ಲಿ ‘ಫ್ಯಾನಿ ಮೇ’ ಆಯಿತು. 1970ರ ಫೆಡರಲ್ ಹೋಮ್ ಲೋನ್ ಮಾರ್ಟ್‌ಗೇಜ್ ಕಾರ್ಪೊರೇಷನ್ನಿನ ‘ಎಫ್‌ಎಚ್‌ಎಲ್‌ಎಂಸಿ’ಯಿಂದ ಫ್ರೆಡ್ಡಿ ಮ್ಯಾಕ್ ಅಷ್ಟು ಸುಲಭಕ್ಕೆ ಹೊರಡುವುದಿಲ್ಲ, ಎಳೆದು ಹೊಂದಿಸಿದ್ದು. ಮನೆ ಕಟ್ಟುವವರಿಗೆ ಇವು ನೇರ ಸಾಲ ಕೊಡುವುದಿಲ್ಲ. ಬ್ಯಾಂಕುಗಳು ಕೊಟ್ಟ ಸಾಲವನ್ನು ಕೊಂಡುಕೊಳ್ಳುತ್ತವೆ.

ಪ್ರ: ತೀರಿಕೊಂಡ ತಂದೆಯವರ ‘ಮೈಸೂರು ಬ್ಯಾಂಕ್’ ಪಾಸ್‌ಬುಕ್ ಸಿಕ್ಕಿದೆ. ದುಡ್ಡು ಎಲ್ಲಿ ಕೇಳಲಿ?
– ಓದುಗರು, ಶ್ರೀರಂಗಪಟ್ಟಣ

ಉ: ಇದು ಅಡ್ಡಹೆಸರೇ ಅಲ್ಲ, ಹುಟ್ಟುಹೆಸರು. ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ‘ಬ್ಯಾಂಕ್ ಆಫ್ ಮೈಸೂರು’ ಶುರುವಾಯಿತು. ಮುಂದೆ ‘ಸ್ಟೇಟ್’ ಸೇರಿದ್ದು 1960ರಲ್ಲಿ. ಬೋರ್ಡು ಬದಲಾದರೂ ಜನರ ಬಾಯಲ್ಲಿ ಹಳೆಯದೇ ಉಳಿಯಿತು. 2017ರ ಏಪ್ರಿಲ್ 1ರಂದು ಎಸ್‌ಬಿಐನಲ್ಲಿ ವಿಲೀನವಾದ್ದರಿಂದ ಎಸ್‌ಬಿಐ ಶಾಖೆಯಲ್ಲೇ ವಿಚಾರಿಸಿ. ‘ಎಸ್‌ಬಿಎಂವೈ’ಯಿಂದ ಶುರುವಾಗುವ ಹಳೆ ಐಎಫ್‌ಎಸ್‌ಸಿ ಬರೆಯಬೇಡಿ. ಪಾಸ್‌ಬುಕ್, ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಪ್ಯಾನ್ ಒಯ್ಯಿರಿ; ನಾಮಿನಿ ಇಲ್ಲದಿದ್ದರೆ ವಾರಸುದಾರರ ದಾಖಲೆಯನ್ನೂ ಕೇಳುತ್ತಾರೆ. ಹತ್ತು ವರ್ಷ ವ್ಯವಹಾರ ನಡೆಯದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತದೆ. ಆದರೂ ಹಕ್ಕು ಹೋಗುವುದಿಲ್ಲ, ಅರ್ಜಿ ಕೊಡಬೇಕಾದದ್ದೂ ಎಸ್‌ಬಿಐಗೇ. ಮೊದಲು, ವಾರಸುದಾರರು ಕೇಳದೆ ಉಳಿದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕ್ ನಡೆಸುವ ‘ಉದ್ಗಮ್’ ಜಾಲತಾಣದಲ್ಲಿ ಹುಡುಕಿ ನೋಡಿ. ಅಲ್ಲಿ ಬ್ಯಾಂಕಿನ ಹೆಸರು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಅಂತಲೇ ಆರಿಸಿ. ತಂದೆಯವರ ಹೆಸರನ್ನು ಇನಿಷಿಯಲ್ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಹಾಕಿ.