ಸಂಪಾದಕರ ಉತ್ತರ: ನಿರೋಧಕ ತಳಿಗೂ ಬೆಂಕಿ ರೋಗ ಬಂದದ್ದೇಕೆ?

ಓದುಗರೊಬ್ಬರು ಬರೆದಿದ್ದಾರೆ: "ಬೆಂಕಿ ರೋಗ ತಡೆಯುವ ಭತ್ತದ ತಳಿ ಎಂದು ಬೀಜ ತಂದು ಬೆಳೆದೆ. ಮೂರು ವರ್ಷ ರೋಗದ ಸುಳಿವಿರಲಿಲ್ಲ. ನಾಲ್ಕನೆಯ ವರ್ಷ ಗರಿಯೂ ಸುಟ್ಟಿತು, ತೆನೆಯ ಕುತ್ತಿಗೆಯೂ ಮುರಿಯಿತು. ಬೀಜ ಹಳತಾಗಿ ಶಕ್ತಿ ಕಳೆದುಕೊಂಡಿತೇ? ಶಿಲೀಂಧ್ರ ತಳಿಗೆ ಹೊಂದಿಕೊಂಡಿತು ಎನ್ನುತ್ತಾರೆ, ಅಷ್ಟು ಬೇಗ ಅದು ಕಲಿಯುವುದಾದರೂ ಹೇಗೆ? ಹೊಡೆಯುವ ಔಷಧಿಗೂ ಹೀಗೇ ಆಗುತ್ತದೆಯೇ?"

ನಮಸ್ಕಾರ. ಬೀಜದ ಮೇಲಿನ ಅನುಮಾನವನ್ನು ಮೊದಲು ಬಿಡಿಸೋಣ. ಭತ್ತದ ಹೂವು ಬಹುಪಾಲು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ. ಬೀಜ ಬೆರಕೆಯಾಗದಿದ್ದರೆ ನಿರೋಧಕ ಜೀನ್ ನಾಲ್ಕು ವರ್ಷವಿರಲಿ, ನಲವತ್ತು ವರ್ಷವೂ ಹಾಗೇ ಉಳಿಯುತ್ತದೆ. ಬದಲಾಗಿರುವುದು ಶಿಲೀಂಧ್ರ. ಅದು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ; ತನ್ನಲ್ಲಿದ್ದ ಒಂದು ಜೀನನ್ನು ಕಳೆದುಕೊಂಡರೆ ಸಾಕಾಗಿತ್ತು.

ಇದನ್ನು ಪೈ-ಟಾ ಎಂಬ ಭತ್ತದ ಜೀನಿನ ಮೂಲಕ ನೋಡಿದರೆ ಸ್ಪಷ್ಟವಾಗುತ್ತದೆ. ಬೆಂಕಿ ರೋಗದ ಶಿಲೀಂಧ್ರ ಗರಿಯೊಳಗೆ ಇಳಿದ ಮೇಲೆ ಗಿಡದ ರಕ್ಷಣೆಯನ್ನು ಕುಗ್ಗಿಸಲು ಹಲವಾರು ಸಣ್ಣ ಪ್ರೋಟೀನ್‌ಗಳನ್ನು ಸುರಿಸುತ್ತದೆ. ಅವುಗಳಲ್ಲಿ ಒಂದರ ಹೆಸರು ಎವಿಆರ್-ಪೈಟಾ. ಪೈ-ಟಾ ಜೀನ್ ತಯಾರಿಸುವ ಪ್ರೋಟೀನ್ ಈ ಒಂದನ್ನು ಗುರುತು ಹಿಡಿಯುತ್ತದೆ. ಗುರುತು ಸಿಕ್ಕ ಕೂಡಲೇ ಸೋಂಕು ತಗಲಿದ ಜೀವಕೋಶ ತಾನೇ ಸತ್ತು ಶಿಲೀಂಧ್ರವನ್ನು ಅಲ್ಲೇ ಕಟ್ಟಿಹಾಕುತ್ತದೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. 928 ಅಮೈನೋ ಆಮ್ಲಗಳ ಉದ್ದದ ಪೈ-ಟಾ ಪ್ರೋಟೀನಿನಲ್ಲಿ 918ನೆಯ ಸ್ಥಾನದಲ್ಲಿ ಅಲನೀನ್ ಇದ್ದರೆ ಗಿಡ ನಿರೋಧಕ, ಅದೇ ಜಾಗದಲ್ಲಿ ಸೆರೀನ್ ಇದ್ದರೆ ರೋಗಕ್ಕೆ ತುತ್ತು. ಇಡೀ ಗದ್ದೆಯ ಭವಿಷ್ಯ ಇಷ್ಟು ಸೂಕ್ಷ್ಮವಾದ ಗುರುತಿನ ಮೇಲೆ ನಿಂತಿರುತ್ತದೆ.

ಈಗ ಶಿಲೀಂಧ್ರದ ಕಡೆ ಬನ್ನಿ. ಎವಿಆರ್-ಪೈಟಾ ಜೀನ್ ಇರುವುದು ವರ್ಣತಂತುವಿನ ತೀರಾ ತುದಿಯಲ್ಲಿ. ವರ್ಣತಂತುವಿನ ತುದಿಗಳು ಸುಲಭವಾಗಿ ಮುರಿಯುತ್ತವೆ, ಅದಲುಬದಲಾಗುತ್ತವೆ. ಹಾಗಾಗಿ ಈ ಜೀನ್ ಇಡಿಯಾಗಿ ಉದುರಿಹೋದ ಶಿಲೀಂಧ್ರಗಳು ಸಿಕ್ಕಿವೆ, ಜೀನಿನ ಡಿಎನ್‌ಎಯಲ್ಲಿ ಒಂದೇ ಅಕ್ಷರ ಬದಲಾಗಿ ಕೆಟ್ಟವೂ ಸಿಕ್ಕಿವೆ. ಪಾಟ್3 ಎಂಬ, ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್‌ಎ ತುಂಡು ಜೀನಿನ ನಡುವೆ ಬಂದು ಕೂತು ಅದನ್ನು ಮುರಿದ ಉದಾಹರಣೆಯೂ ಇದೆ. ದಾರಿ ಯಾವುದಾದರೇನು, ಗುರುತು ಅಳಿಸಿತು. ಪೈ-ಟಾ ಗಿಡದಲ್ಲಿ ಮೊದಲಿನಂತೆಯೇ ಕಾವಲು ಕಾಯುತ್ತಿರುತ್ತದೆ. ಹಿಡಿಯಬೇಕಾದದ್ದು ಮಾತ್ರ ಅದಕ್ಕೆ ಕಾಣುವುದಿಲ್ಲ.

ಗಿಡದ ಒಂದು ಜೀನಿಗೆ ರೋಗಾಣುವಿನ ಒಂದು ಜೀನ್ ಜೋಡಿ ಎಂಬುದನ್ನು ಅಗಸೆಯ ತುಕ್ಕು ರೋಗದಲ್ಲಿ ತೋರಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್. ಅವರು ಗಿಡಗಳನ್ನಷ್ಟೇ ಅಲ್ಲ, ತುಕ್ಕಿನ ಕುಲಗಳನ್ನೂ (ಒಂದೇ ಶಿಲೀಂಧ್ರದ ಒಳಬಗೆಗಳನ್ನೂ) ಒಂದಕ್ಕೊಂದು ಸಂಕರ ಮಾಡಿ ಲೆಕ್ಕ ಹಾಕಿದರು. 1942ರ ಹೊತ್ತಿಗೆ ಚಿತ್ರ ಸ್ಪಷ್ಟವಾಗಿತ್ತು. ಡಿಎನ್‌ಎ ರಚನೆ ತಿಳಿಯುವುದಕ್ಕೂ ಹತ್ತು ವರ್ಷ ಮೊದಲಿನ ಮಾತಿದು. ನನಗೆ ಇಂದಿಗೂ ಬೆರಗು ಹುಟ್ಟಿಸುವ ಕೆಲಸ.

"ಅಷ್ಟು ಬೇಗ ಹೇಗೆ" ಎಂದು ಕೇಳಿದ್ದೀರಿ. ನಮ್ಮಲ್ಲಿ, ಗಿಡಗಳಲ್ಲಿ ಪ್ರತಿ ಜೀನಿನ ಎರಡು ಪ್ರತಿಗಳಿರುತ್ತವೆ; ಒಂದು ಕೆಟ್ಟರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಬೆಂಕಿ ರೋಗದ ಶಿಲೀಂಧ್ರದಲ್ಲಿ ಏಳು ವರ್ಣತಂತುಗಳ ಒಂದೇ ಜೊತೆ. ಅದರಲ್ಲಾದ ಬದಲಾವಣೆ ಆ ಪೀಳಿಗೆಯಲ್ಲೇ ಬಯಲಾಗುತ್ತದೆ. ಒಂದು ಚುಕ್ಕೆ ರಾತ್ರಿಯೊಂದರಲ್ಲಿ ಸಾವಿರಾರು ಬೀಜಕಗಳನ್ನು, ಅಂದರೆ ಶಿಲೀಂಧ್ರ ಹರಡುವ ಸೂಕ್ಷ್ಮ ಕಣಗಳನ್ನು, ಉದುರಿಸುತ್ತದೆ. ಹತ್ತು ಲಕ್ಷ ಬೀಜಕಗಳಲ್ಲಿ ಒಂದಕ್ಕೆ ಮಾತ್ರ ಆ ಜೀನ್ ಕೆಟ್ಟಿದೆ ಎಂದುಕೊಂಡರೂ, ಸುತ್ತಲಿನ ಗದ್ದೆಗಳಲ್ಲೆಲ್ಲ ಅದೇ ತಳಿ ಇದ್ದಾಗ ಆ ಒಂದಕ್ಕೆ ಪೈಪೋಟಿಯೇ ಇಲ್ಲ. ಉಳಿದವುಗಳನ್ನೆಲ್ಲ ನಿಮ್ಮ ಗಿಡವೇ ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿರುತ್ತದೆ.

ಎಲ್ಲ ಶಿಲೀಂಧ್ರಗಳೂ ಇದೇ ದಾರಿ ಹಿಡಿಯುವುದಿಲ್ಲ. ಗೋಧಿಯ ಕಾಂಡದ ತುಕ್ಕಿನ ಜೀವಕೋಶದಲ್ಲಿ ವರ್ಣತಂತುಗಳನ್ನು ಹೊತ್ತ ಎರಡು ನ್ಯೂಕ್ಲಿಯಸ್‌ಗಳು ಬೆರೆಯದೆ ಅಕ್ಕಪಕ್ಕ ಬಾಳುತ್ತವೆ. 1998ರಲ್ಲಿ ಉಗಾಂಡಾದಲ್ಲಿ ಕಂಡ, ಗೋಧಿಯ ಎಸ್‌ಆರ್31 ಎಂಬ ನಿರೋಧಕ ಜೀನನ್ನು ಮಣಿಸಿದ ಯುಜಿ99 ಕುಲದ ಒಂದು ನ್ಯೂಕ್ಲಿಯಸ್ ಹಳೆಯ ಬೇರೊಂದು ಕುಲದಲ್ಲಿರುವಂಥದ್ದೇ ಎಂದು 2019ರಲ್ಲಿ ತಿಳಿಯಿತು: ಲೈಂಗಿಕ ಸಂಯೋಗವಿಲ್ಲದೆ ನ್ಯೂಕ್ಲಿಯಸ್ ಕೈಬದಲಾಗಿತ್ತು. ಟೊಮೆಟೊ ಸೊರಗು ರೋಗದ ಫ್ಯುಸೇರಿಯಂನದು ಇನ್ನೂ ವಿಚಿತ್ರ. ರೋಗ ತರುವ ಜೀನ್‌ಗಳಿರುವ ಒಂದು ಸಣ್ಣ ವರ್ಣತಂತು, ನಿರುಪದ್ರವಿ ಫ್ಯುಸೇರಿಯಂ ಜೊತೆ ಬೆಳೆಸಿದಾಗ ಅದಕ್ಕೆ ದಾಟಿ ಅದನ್ನೂ ರೋಗಕಾರಿ ಮಾಡಿದ್ದು 2010ರಲ್ಲಿ ಪ್ರಕಟವಾಯಿತು.

ಔಷಧಿಯ ಪ್ರಶ್ನೆಗೆ ಉತ್ತರ: ಹೌದು, ಆಗುತ್ತದೆ, ಆದರೆ ಎಲ್ಲ ಔಷಧಿಗೂ ಒಂದೇ ರೀತಿ ಅಲ್ಲ. ಅಜಾಕ್ಸಿಸ್ಟ್ರೋಬಿನ್ ಗುಂಪಿನ ಔಷಧಿಗಳು ಶಿಲೀಂಧ್ರದ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಸೈಟೋಕ್ರೋಮ್-ಬಿ ಪ್ರೋಟೀನಿಗೆ ಅಂಟಿ ಉಸಿರು ಕಟ್ಟಿಸುತ್ತವೆ. ಆ ಪ್ರೋಟೀನಿನ 143ನೆಯ ಸ್ಥಾನದ ಗ್ಲೈಸೀನ್ ಹೋಗಿ ಅಲನೀನ್ ಬಂದರೆ ಔಷಧಿ ಅಂಟುವುದೇ ಇಲ್ಲ. ಆಗ ಪ್ರಮಾಣ ಎರಡು ಪಟ್ಟು ಮಾಡಿದರೂ ದುಡ್ಡು ದಂಡ. ಅದೇ ಗುಂಪಿನ ಬೇರೆ ಔಷಧಿಯೂ ಕೈಕೊಡುತ್ತದೆ. ಆದರೆ ತುಕ್ಕಿನ ಶಿಲೀಂಧ್ರಗಳಲ್ಲಿ ಈ ಬದಲಾವಣೆ ಸಾಧ್ಯವಾಗಿಲ್ಲ. ಅವುಗಳ ಜೀನಿನಲ್ಲಿ 143ನೆಯ ಅಕ್ಷರಗುಚ್ಛದ ಬೆನ್ನಿಗೇ ಪ್ರೋಟೀನ್ ತಯಾರಾಗುವ ಮೊದಲು ಕತ್ತರಿಸಿ ತೆಗೆಯಬೇಕಾದ ಇಂಟ್ರಾನ್ ಎಂಬ ತುಂಡು ಇದೆ. ಅಲ್ಲಿ ಅಕ್ಷರ ಬದಲಾದರೆ ಕತ್ತರಿಸುವ ಕೆಲಸ ಕೆಟ್ಟು, ಪ್ರೋಟೀನೇ ತಯಾರಾಗದೆ ಶಿಲೀಂಧ್ರ ಸಾಯುತ್ತದೆ. ಟ್ರೈಅಜೋಲ್ ಗುಂಪಿನ ಕಥೆ ಬೇರೆ. ಅಲ್ಲಿ ಔಷಧಿ ಅಂಟುವ ಪ್ರೋಟೀನನ್ನು ತಯಾರಿಸುವ ಸಿವೈಪಿ51 ಜೀನಿನಲ್ಲಿ ಒಂದರ ಮೇಲೊಂದು ಸಣ್ಣ ಬದಲಾವಣೆ ಸೇರುತ್ತಾ ಔಷಧಿಯ ಹಿಡಿತ ಮೆಟ್ಟಿಲು ಮೆಟ್ಟಿಲಾಗಿ ಸಡಿಲವಾಗುತ್ತದೆ.

ಬೆಂಕಿ ರೋಗಕ್ಕೆ ಟ್ರೈಸೈಕ್ಲಜೋಲ್ ಎಂಬ ಔಷಧಿ ದಶಕಗಳಿಂದ ಬಾಳಿದೆ. ಶಿಲೀಂಧ್ರ ಗರಿಯನ್ನು ತೂತು ಮಾಡುವುದು ಗುಮ್ಮಟದಂಥ ಒಂದು ಕೋಶದಲ್ಲಿ 8 ಮೆಗಾಪ್ಯಾಸ್ಕಲ್‌ವರೆಗೆ, ಅಂದರೆ ವಾತಾವರಣದ ಸುಮಾರು 80 ಪಟ್ಟು ಒತ್ತಡ ಕಟ್ಟಿಕೊಂಡು. ಆ ಕೋಶದ ಗೋಡೆಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯದ ಪದರ ಬೇಕು. ಈ ಔಷಧಿ ಮೆಲನಿನ್ ತಯಾರಿಯನ್ನೇ ನಿಲ್ಲಿಸುತ್ತದೆ. ಆಗಲೇ ಒಳಗೆ ಇಳಿದ ಶಿಲೀಂಧ್ರವನ್ನು ಅದು ಕೊಲ್ಲುವುದಿಲ್ಲ. ಹಾಗಾಗಿ ನಿಮ್ಮಲ್ಲಿ ಬಳಕೆಗೆ ಅನುಮತಿ ಇದ್ದರೂ, ಕುತ್ತಿಗೆ ಕಪ್ಪಾದ ಮೇಲೆ ಹೊಡೆದು ಫಲವಿಲ್ಲ. ತೆನೆ ಹೊರಬರುವ ಹೊತ್ತಿಗೇ ಹೊಡೆದಿರಬೇಕು.

ನಿಮ್ಮ ಗದ್ದೆಯಲ್ಲಿ ನಿಜವಾಗಿ ಏನಾಗಿದೆ ಎಂದು ತಿಳಿಯಲು ಗರಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಗುಂಡುಸೂಜಿ ತಲೆಯಷ್ಟಿನ ಕಂದು ಚುಕ್ಕೆಗಳಷ್ಟೇ ಇದ್ದರೆ ಅದು ಗಿಡ ಗೆದ್ದ ಗುರುತಿರಬಹುದು. ಎಷ್ಟೋ ಸಲ ಅದನ್ನೇ ರೋಗವೆಂದು ತಿಳಿದು ಔಷಧಿ ಹೊಡೆಯುತ್ತಾರೆ. ನಡುವೆ ಬೂದಿ ಬಣ್ಣ, ಅಂಚು ಕಂದು, ಎರಡೂ ತುದಿ ಚೂಪಾದ ಕಣ್ಣಿನಾಕಾರದ ಚುಕ್ಕೆ ಇದ್ದರೆ ಶಿಲೀಂಧ್ರ ಒಳಗೆ ಬೆಳೆದಿದೆ. ಆಮೇಲೆ ರೋಗ ಬಂದ ಗಿಡಗಳ ಎತ್ತರ, ಹೂ ಬಿಡುವ ಸಮಯ ಗಮನಿಸಿ. ಅಲ್ಲೊಂದು ಇಲ್ಲೊಂದು ಗಿಡಕ್ಕೆ ರೋಗವಿದ್ದು, ಅವು ಉಳಿದವಕ್ಕಿಂತ ಬೇರೆಯಾಗಿದ್ದರೆ ಬೀಜ ಬೆರಕೆ. ತಳಿಗೆ ತಕ್ಕಂತೆಯೇ ಇರುವ ಗಿಡಗಳು ತೇಪೆ ತೇಪೆಯಾಗಿ ಸುಟ್ಟು ತೇಪೆ ಹಿಗ್ಗುತ್ತಿದ್ದರೆ ಶಿಲೀಂಧ್ರ ಬದಲಾಗಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು.

ಖಚಿತಪಡಿಸಲು ಪ್ರಯೋಗಾಲಯ ಬೇಕು. ಎಳೆಯ ಚುಕ್ಕೆಗಳಿರುವ ಗರಿಗಳನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಕಳಿಸಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೆವರಿ, ಬೇರೆ ಬೂಸ್ಟು ಹತ್ತಿ, ಮಾದರಿ ಕೆಡುತ್ತದೆ. ಅಲ್ಲಿ ಗರಿಯನ್ನು ಒದ್ದೆ ಕಾಗದದ ಮೇಲೆ ಒಂದು ದಿನ ಇಟ್ಟು ಬೀಜಕ ಬರಿಸಿ, ಒಂದೇ ಒಂದು ಬೀಜಕವನ್ನು ಎತ್ತಿ ಓಟ್ಸ್ ಅಗರ್ ಎಂಬ ಪೋಷಕ ಮಾಧ್ಯಮದ ಮೇಲೆ ಬೆಳೆಸುತ್ತಾರೆ. ಈ ಹಂತ ಬಿಟ್ಟರೆ ಎರಡು ಕುಲಗಳು ಬೆರೆತು ಫಲಿತಾಂಶಕ್ಕೆ ಅರ್ಥವೇ ಇರುವುದಿಲ್ಲ. ಬೆಳೆದ ಬೀಜಕಗಳನ್ನು ಮಿಲಿಲೀಟರಿಗೆ 1 ಲಕ್ಷದಂತೆ ನೀರಿನಲ್ಲಿ ಕಲಸಿ, ಹನಿ ಎಲೆಯ ಮೇಲೆ ಹರಡಿ ನಿಲ್ಲಲು 0.02% ಟ್ವೀನ್-20 ಎಂಬ ದ್ರಾವಕವನ್ನು ಸೇರಿಸಿ, ಮೂರು-ನಾಲ್ಕು ಎಲೆಯ ಸಸಿಗಳಿಗೆ ಸಿಂಪಡಿಸಿ, 25 ಡಿಗ್ರಿ ಆಸುಪಾಸಿನಲ್ಲಿ 24 ಗಂಟೆ ಕತ್ತಲೆಯಲ್ಲಿ ತೇವ ಹಿಡಿದಿಟ್ಟು, ಏಳನೆಯ ದಿನ ಚುಕ್ಕೆ ನೋಡುತ್ತಾರೆ. ತೇವ ಕಡಿಮೆಯಾದರೆ ಎಲ್ಲ ಸಸಿಗಳೂ ನಿರೋಧಕವಾಗಿ ಕಾಣುತ್ತವೆ. ಅದಕ್ಕೇ ರೋಗಕ್ಕೆ ಸುಲಭವಾಗಿ ತುತ್ತಾಗುವ ಒಂದು ತಳಿ ಪಕ್ಕದಲ್ಲಿರಲೇಬೇಕು. ಒಂದೊಂದು ನಿರೋಧಕ ಜೀನ್ ಮಾತ್ರ ಇರುವ ಸಾಲುಗಳ ಮೇಲೆ ಹೀಗೆ ಪರೀಕ್ಷಿಸಿದರೆ ಯಾವ ಜೀನ್ ಸೋತಿದೆ, ಯಾವುದು ಇನ್ನೂ ಉಳಿದಿದೆ ಎಂದು ತಿಳಿಯುತ್ತದೆ. ಶಿಲೀಂಧ್ರವನ್ನು ಪದೇ ಪದೇ ಹೊಸ ತಟ್ಟೆಗೆ ದಾಟಿಸುತ್ತಾ ಹೋದರೆ ರೋಗ ತರುವ ಶಕ್ತಿಯೇ ಕುಂದುತ್ತದೆ; ಅದನ್ನು ಸೋಸುಕಾಗದದ ಮೇಲೆ ಒಣಗಿಸಿ ಮೈನಸ್ 20 ಡಿಗ್ರಿಯಲ್ಲಿ ಇಡುವುದು ರೂಢಿ.

ಮುಂದಿನ ಬೆಳೆಗೆ ತಳಿ ಆರಿಸುವಾಗ "ನಿರೋಧಕ" ಎಂಬ ಮಾತಿಗೆ ನಿಲ್ಲಬೇಡಿ, ಯಾವ ಜೀನ್ ಎಂದು ಕೇಳಿ. ಹೆಸರು ಬೇರೆಯಾದರೂ ಜೀನ್ ಅದೇ ಆಗಿದ್ದರೆ ತಳಿ ಬದಲಿಸಿ ಪ್ರಯೋಜನವಿಲ್ಲ. ಎರಡು-ಮೂರು ಜೀನ್ ಒಟ್ಟಿಗಿರುವ ತಳಿ ಮೇಲು, ಆದರೆ ಅವುಗಳಲ್ಲಿ ಒಂದು ಆಗಲೇ ಸೋತಿದ್ದರೆ ಲೆಕ್ಕಕ್ಕೆ ಉಳಿಯುವುದು ಮಿಕ್ಕವು ಮಾತ್ರ. ಪೈ21 ಜೀನಿನಂಥವು ಸಂಪೂರ್ಣ ತಡೆಯದೆ, ರೋಗ ನಿಧಾನವಾಗುವಂತೆ ಮಾಡುತ್ತವೆ. ಅಲ್ಲಿ ಶಿಲೀಂಧ್ರದ ಒಂದೇ ಪ್ರೋಟೀನಿನ ಗುರುತನ್ನು ನಂಬಿಕೊಂಡಿಲ್ಲವಾದ್ದರಿಂದ ಬಾಳಿಕೆ ಹೆಚ್ಚು. ಅದು ಬಳಕೆಗೆ ಬರಲು ತಡವಾದದ್ದು ಪಕ್ಕದಲ್ಲೇ ಅನ್ನದ ರುಚಿ ಕೆಡಿಸುವ ಜೀನೊಂದು ಅಂಟಿಕೊಂಡಿದ್ದರಿಂದ. ಜಪಾನಿನ ವಿಜ್ಞಾನಿಗಳು ಎರಡನ್ನೂ ಬೇರ್ಪಡಿಸಿ 2009ರಲ್ಲಿ ಪ್ರಕಟಿಸಿದರು.

ತಳಿಗಳನ್ನು ಬೆರೆಸಿ ನಾಟಿ ಮಾಡುವುದನ್ನೂ ಯೋಚಿಸಿ. ಚೀನಾದ ಯುನ್ನಾನ್‌ನಲ್ಲಿ ಬೇಗ ರೋಗ ಹತ್ತುವ ಅಂಟು ಭತ್ತದ ಒಂದೊಂದು ಸಾಲನ್ನು ನಿರೋಧಕ ಹೈಬ್ರಿಡ್ ಸಾಲುಗಳ ನಡುವೆ ನೆಟ್ಟಾಗ, ಅಂಟು ಭತ್ತವನ್ನು ಪ್ರತ್ಯೇಕವಾಗಿ ಬೆಳೆದದ್ದಕ್ಕಿಂತ ಬೆಂಕಿ ರೋಗ 94% ಕಡಿಮೆಯಾಗಿ, ಇಳುವರಿ 89% ಹೆಚ್ಚಿತು. 2000ದಲ್ಲಿ ಪ್ರಕಟವಾದ ಲೆಕ್ಕವಿದು. ನೀವು ಮಾಡುವುದಾದರೆ ಎರಡೂ ತಳಿಗಳ ನಿರೋಧಕ ಜೀನ್‌ಗಳು ಬೇರೆಯಿರಲಿ. ಕಟಾವಿನ ದಿನ ಹೊಂದದಿದ್ದರೆ ಸಾಲು ಸಾಲಾಗಿ ಬೇರೆ ಕೊಯ್ಯಬೇಕಾಗುತ್ತದೆ, ಕಾಳು ಬೆರೆತರೆ ಬೀಜಕ್ಕೆ ಬಾರದು. ಬೀಜಕ್ಕೆಂದು ಒಂದು ತುಂಡು ನೆಲವನ್ನು ಪ್ರತ್ಯೇಕವಾಗಿಯೇ ಇಟ್ಟುಕೊಳ್ಳಿ.