ಶೀಲ್ಡ್ ಒಂದನ್ನು ಮಾತ್ರ ತೆಗೆಯಬೇಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಅಂದರೆ ದಾಳ ಉರುಳಿಸಿ ಕಥೆಯ ಪಾತ್ರವಾಗಿ ಆಡುವ ಆಟದ ಬಗ್ಗೆ ಮಂಡ್ಯದ ಗೆಳೆಯರು ಕೇಳಿರುವುದು ಇಷ್ಟು. ಅವರ ವಿಝರ್ಡ್ (ಮಂತ್ರವಾದಿ ಪಾತ್ರ) 9ನೇ ಲೆವೆಲ್ ಮುಟ್ಟಿದ್ದಾನೆ, ಇಂಟೆಲಿಜೆನ್ಸ್ 18. ಮುಂದಿನ ಭಾನುವಾರದ ಆಟಕ್ಕೆ 1 ಮತ್ತು 2ನೇ ಲೆವೆಲ್ ಸ್ಪೆಲ್‌ಗಳನ್ನೆಲ್ಲ (ಮಂತ್ರಗಳಿಗೂ ಅವುಗಳದೇ ಲೆವೆಲ್ ಇರುತ್ತದೆ) ಬಿಟ್ಟು ಬರೀ ದೊಡ್ಡವನ್ನೇ ಪ್ರಿಪೇರ್ ಮಾಡಿಕೊಂಡರೆ, ಅಂದರೆ ಆ ದಿನಕ್ಕೆ ಆರಿಸಿಟ್ಟುಕೊಂಡರೆ, ಹೇಗೆ? ಅದಕ್ಕೆ ಇಲ್ಲಿ ಮೂರು ಜನ "ಮಾಡಿ, ಫೈರ್‌ಬಾಲ್ ಇರುವಾಗ ಅವೆಲ್ಲ ಯಾಕೆ" ಅಂದಿದ್ದಾರೆ. ನಾನು ಒಪ್ಪಲ್ಲ. ಮೈಸೂರಿನ ನಮ್ಮ ಟೇಬಲ್‌ಗೆ ನಾನೇ ಡಿಎಂ, ಅಂದರೆ ಆಟ ನಡೆಸೋದು ನಾನೇ. ಇದೇ ತಪ್ಪು ಮಾಡಿದವನ ಎದುರಿಗೇ ಕೂತು ನೋಡಿದ್ದೇನೆ. ನೀವು 2014ರ ಐದನೇ ಎಡಿಷನ್ ಆಡುತ್ತಿದ್ದೀರಿ ಎಂದು ಬರೆದಿದ್ದೀರಿ, ಹಾಗಾಗಿ ಅದರ ಲೆಕ್ಕವನ್ನೇ ಹೇಳುತ್ತೇನೆ.

ಮೊದಲು ನಿಮ್ಮ ಸ್ಲಾಟ್, ಅಂದರೆ ದಿನಕ್ಕೆ ಎಷ್ಟು ಸಲ ಸ್ಪೆಲ್ ಹಾಕಬಹುದು ಎನ್ನುವುದನ್ನು, ಎಣಿಸಿ. 9ನೇ ಲೆವೆಲ್ ವಿಝರ್ಡ್‌ಗೆ 1ನೇ ಲೆವೆಲ್‌ನ ಸ್ಲಾಟ್ 4, ಆಮೇಲೆ 2, 3, 4ನೆಯವು ಮೂರು ಮೂರು, ಕೊನೆಗೆ 5ನೇ ಲೆವೆಲ್‌ದು ಒಂದೇ ಒಂದು. ಒಟ್ಟು 14. ಅದರಲ್ಲಿ 7, ಅಂದರೆ ಸರಿಯಾಗಿ ಅರ್ಧ, 1 ಮತ್ತು 2ನೇ ಲೆವೆಲ್‌ನವು. ಚಿಕ್ಕ ಸ್ಪೆಲ್ಲನ್ನು ದೊಡ್ಡ ಸ್ಲಾಟ್‌ನಲ್ಲಿ ಹಾಕಬಹುದು, ದೊಡ್ಡದನ್ನು ಚಿಕ್ಕ ಸ್ಲಾಟ್‌ನಲ್ಲಿ ಹಾಕೋಕೆ ಆಗಲ್ಲ. ಹಾಗಾಗಿ ಬರೀ ದೊಡ್ಡವನ್ನು ಇಟ್ಟುಕೊಂಡರೆ ಆ 7 ಸ್ಲಾಟ್ ಸುಮ್ನೆ ಬಿದ್ದಿರುತ್ತವೆ. ಸಿಟಿ ಬಸ್ಸಿಗೆ ಬರೀ ಐನೂರರ ನೋಟು ಹಿಡಿದು ಹತ್ತಿದ ಹಾಗೆ. ದುಡ್ಡಿದೆ, ಆದರೆ ಚಿಲ್ಲರೆ ಇಲ್ಲ.

ಇನ್ನೊಂದು ಮಾತು. ನಿಮ್ಮ ಸೇವ್ ಡಿಸಿ, ಅಂದರೆ ಸ್ಪೆಲ್‌ನಿಂದ ತಪ್ಪಿಸಿಕೊಳ್ಳೋಕೆ ಎದುರಾಳಿ ದಾಳದಲ್ಲಿ ಮುಟ್ಟಬೇಕಾದ ಅಂಕ, ಈಗ 8, ಪ್ರೊಫಿಷಿಯನ್ಸಿ (ಲೆವೆಲ್ ಜೊತೆ ಏರುವ ಬೋನಸ್) 4, ಇಂಟೆಲಿಜೆನ್ಸ್ 18ರ ಬೋನಸ್ 4 ಕೂಡಿ 16. ಇದು 5ನೇ ಲೆವೆಲ್ ಸ್ಪೆಲ್‌ಗೂ 16, 1ನೆಯದಕ್ಕೂ 16. ಹಳೆಯ ಮೂರನೇ ಎಡಿಷನ್‌ನಲ್ಲಿ ಸ್ಪೆಲ್‌ನ ಲೆವೆಲ್ ಕೂಡ ಡಿಸಿಗೆ ಸೇರುತ್ತಿತ್ತು. ಅಲ್ಲಿ ಚಿಕ್ಕದು ಬರಬರುತ್ತಾ ಸಪ್ಪೆ ಆಗುತ್ತಿತ್ತು. ದೊಡ್ಡವು ಬಂದ ಮೇಲೆ ಚಿಕ್ಕವು ದಂಡ ಅನ್ನುವ ಮಾತು ಆ ಕಾಲದ್ದೇ ಇರಬೇಕು.

ಈಗ ನಮ್ಮ ಟೇಬಲ್ ಕಥೆ. ನಮ್ಮ ಹುಡುಗನೊಬ್ಬ 9ಕ್ಕೆ ಬಂದ ಖುಷಿಯಲ್ಲಿ ಶೀಲ್ಡ್, ಅಬ್ಸಾರ್ಬ್ ಎಲಿಮೆಂಟ್ಸ್ ಎಂಬ 1ನೇ ಲೆವೆಲ್‌ನ ರಕ್ಷಣೆಯ ಸ್ಪೆಲ್ ಎರಡನ್ನೂ ಬಿಟ್ಟು ಬಂದಿದ್ದ. ನಾನು ಆವತ್ತು ಯಂಗ್ ರೆಡ್ ಡ್ರ್ಯಾಗನ್ ಇಟ್ಟಿದ್ದೆ. ಅದರ ಬೆಂಕಿ ಉಸಿರಿಗೆ 16 ದಾಳ ಉರುಳಿಸಬೇಕು, ಸರಾಸರಿ 56. ಅಷ್ಟೊಂದು ಆರು ಮುಖದ ದಾಳ ನಮ್ಮ ಹತ್ತಿರ ಇರಲಿಲ್ಲ, ಪಕ್ಕದ ಮನೆ ಮಕ್ಕಳ ಲೂಡೋ ಡಬ್ಬಿ ಸುಲಿಗೆ ಮಾಡಿದೆವು. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಕೂತು ಹೊಸ ಹೊಸ ಹಲಗೆ ಆಟ ಕಟ್ಟಿದ ಊರಿನಲ್ಲಿ ದಾಳಕ್ಕೆ ಬರ! ಇರಲಿ. 58 ಬಿತ್ತು. ಹುಡುಗನ ಹಿಟ್ ಪಾಯಿಂಟ್, ಅಂದರೆ ಪ್ರಾಣದ ಲೆಕ್ಕ, 56, ಸೇವ್ ಫೇಲ್. ಅಲ್ಲಿಗೆ ಮಲಗಿದ. ಅಬ್ಸಾರ್ಬ್ ಎಲಿಮೆಂಟ್ಸ್ ಇದ್ದಿದ್ದರೆ ರಿಯಾಕ್ಷನ್‌ನಲ್ಲಿ (ಬೇರೆಯವರ ಸರದಿಯಲ್ಲೂ ಕೊಡಬಹುದಾದ ದಿಢೀರ್ ಉತ್ತರ) ಡ್ಯಾಮೇಜ್ ಅರ್ಧಕ್ಕೆ, ಅಂದರೆ 29ಕ್ಕೆ, ಇಳಿಯುತ್ತಿತ್ತು. 27 ಉಳಿಸಿಕೊಂಡು ಎದ್ದು ನಿಂತಿರುತ್ತಿದ್ದ. ಅವನ ಶೀಟ್ ನೋಡಿದರೆ ಚಿಕ್ಕ ಸ್ಲಾಟ್ ಏಳೂ ಹಾಗೇ ಇದ್ದವು.

ಅವನನ್ನು ಎಬ್ಬಿಸಿದ್ದು ಯಾವುದು ಗೊತ್ತಾ? ಗುಂಪಿನ ಕ್ಲೆರಿಕ್‌ನ (ಪೂಜಾರಿ ಪಾತ್ರ) ಹೀಲಿಂಗ್ ವರ್ಡ್. ಅದೂ 1ನೇ ಲೆವೆಲ್. 60 ಅಡಿ ದೂರದಿಂದ, ಬೋನಸ್ ಆಕ್ಷನ್‌ನಲ್ಲಿ, ಅಂದರೆ ಟರ್ನ್‌ನ ಮುಖ್ಯ ಕೆಲಸದ (ಆಕ್ಷನ್) ಜೊತೆಗೆ ಮಾಡಬಹುದಾದ ಚಿಕ್ಕ ಕೆಲಸವಾಗಿ. ಬಂದಿದ್ದು 6 ಪಾಯಿಂಟ್ ಅಷ್ಟೇ. ಆದರೆ ಸೊನ್ನೆಯಿಂದ ಏಳೋಕೆ 1 ಬಂದರೂ ಸಾಕು ಅಲ್ವಾ.

ಈ ಎರಡನ್ನೂ ನೋಡಿ. ಒಂದು ರಿಯಾಕ್ಷನ್, ಇನ್ನೊಂದು ಬೋನಸ್ ಆಕ್ಷನ್. ಮೇಲಿನ ಲೆವೆಲ್‌ನಲ್ಲಿ ನಿಮ್ಮ ಆಕ್ಷನ್ ತುಂಬಾ ದುಬಾರಿ. ಅದನ್ನು 1ನೇ ಲೆವೆಲ್ ಸ್ಪೆಲ್‌ಗೆ ಕೊಡೋಕೆ ಮನಸ್ಸು ಬರಲ್ಲ, ಬರಲೂಬಾರದು. ಆಕ್ಷನ್ ಕೇಳದ ಚಿಕ್ಕ ಸ್ಪೆಲ್ ಮಾತ್ರ ಕೊನೆವರೆಗೂ ಬದುಕುತ್ತದೆ. ನಾನು ಯಾವ ಸ್ಪೆಲ್ ಉಳಿಸಬೇಕು ಎಂದು ನೋಡುವಾಗ ಮೊದಲು ನೋಡುವುದೇ ಇದನ್ನು.

ಶೀಲ್ಡ್ ಅದಕ್ಕೇ ರಾಜ. ಮೇಜ್ ಆರ್ಮರ್ (ಕವಚದ ಸ್ಪೆಲ್) ಹಾಕಿ, ಡೆಕ್ಸ್ಟೆರಿಟಿ (ಚುರುಕುತನ) 14 ಇದ್ದರೆ ನಿಮ್ಮ ಎಸಿ, ಅಂದರೆ ಏಟು ತಾಗೋಕೆ ಎದುರಾಳಿ ಮುಟ್ಟಬೇಕಾದ ಅಂಕ, 15. ಆ ಯಂಗ್ ಡ್ರ್ಯಾಗನ್‌ಗೆ ಹೊಡೆಯೋಕೆ +10 ಇದೆ. ಇಪ್ಪತ್ತು ಮುಖದ ದಾಳದಲ್ಲಿ 5 ಬಂದರೂ ತಾಗುತ್ತದೆ. ಶೀಲ್ಡ್ ಹಾಕಿದರೆ ಎಸಿ 20, ಆಗ 10 ಬೇಕು. ಅಂದರೆ ನೂರಕ್ಕೆ 80 ಇದ್ದದ್ದು 55 ಆಯಿತು. ನಿಮ್ಮ ಮುಂದಿನ ಟರ್ನ್ ಶುರುವಾಗುವವರೆಗೂ ಅದು ಇರುತ್ತದೆ, ಒಂದು ಕಚ್ಚು, ಎರಡು ಪರಚು ಮೂರಕ್ಕೂ ಲೆಕ್ಕ. ಏಟು ತಾಗಿತು ಎಂದು ಗೊತ್ತಾದ ಮೇಲೆ ಹಾಕಬಹುದು, ಇದೇ ಅದರ ಸೊಗಸು. ನಿಮ್ಮ ಡಿಎಂ ಒಟ್ಟು ಎಷ್ಟು ಬಿತ್ತು ಎಂದು ಬಾಯಿಬಿಟ್ಟು ಹೇಳುವವರಾದರೆ ಇನ್ನೂ ಒಳ್ಳೆಯದು. ಶೀಲ್ಡ್ ಕೊಡುವ ಆ 5ರಿಂದ ಏನೂ ಆಗದ ಕಡೆ ಸ್ಲಾಟ್ ಸುಡಬೇಡಿ. ಟರಾಸ್ಕ್ ತರಹದ ದೈತ್ಯ ಮೃಗ +19 ಹಿಡಿದು ಬಂದರೆ ಎಸಿ 15 ಆದರೂ 20 ಆದರೂ ಒಂದೇ, ಓಡಿ. ರಿಯಾಕ್ಷನ್ ರೌಂಡಿಗೆ ಒಂದೇ ಎನ್ನುವುದೂ ನೆನಪಿರಲಿ. ಶೀಲ್ಡ್ ಹಾಕಿದ ಮೇಲೆ ನಿಮ್ಮ ಟರ್ನ್ ಬರುವವರೆಗೆ ಎದುರಾಳಿಯ ಸ್ಪೆಲ್ ತಡೆಯುವ ಕೌಂಟರ್‌ಸ್ಪೆಲ್ ಇಲ್ಲ.

ತೆಗೆಯಲೇಬೇಕಾದದ್ದು ಸ್ಲೀಪ್. ಇದು ನಿಮಗೆ ಇಷ್ಟದ್ದು ಎಂದು ಬರೆದಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ದಾಳದಲ್ಲಿ ಬಿದ್ದಷ್ಟು ಹಿಟ್ ಪಾಯಿಂಟ್‌ನ ಎದುರಾಳಿಗಳನ್ನು ಅದು ಮಲಗಿಸುತ್ತದೆ. 1ನೇ ಲೆವೆಲ್‌ನಲ್ಲಿ ಎಂಟು ಮುಖದ 5 ದಾಳ, ಸರಾಸರಿ 22. 7 ಹಿಟ್ ಪಾಯಿಂಟ್‌ನ ಮೂರು ಗಾಬ್ಲಿನ್ ಆರಾಮಾಗಿ ಗೊರಕೆ ಹೊಡೆಯುತ್ತವೆ. ಈಗ ನಿಮ್ಮ ಹತ್ತಿರ ಇರುವ ಆ ಒಂದೇ ಒಂದು 5ನೇ ಲೆವೆಲ್ ಸ್ಲಾಟ್ ಹಾಕಿದರೂ 13 ದಾಳ, ಸರಾಸರಿ 58. ಒಂದು ಸಾದಾ ಓಗರ್‌ಗೆ 59. ಒಂದು ಪಾಯಿಂಟ್‌ಗೆ ಮಾನ ಹೋಗುತ್ತದೆ. ಹಿಟ್ ಪಾಯಿಂಟ್ ಜೊತೆ ಜಿದ್ದಿಗೆ ಬೀಳುವ ಚಿಕ್ಕ ಸ್ಪೆಲ್‌ಗಳೆಲ್ಲ ಹೀಗೇ ಸೋಲುವುದು. ಬರ್ನಿಂಗ್ ಹ್ಯಾಂಡ್ಸ್ ಕೂಡ ಅದೇ ಗುಂಪು.

ಮ್ಯಾಜಿಕ್ ಮಿಸೈಲ್ ಬಗ್ಗೆ ಮಾತ್ರ ಸ್ವಲ್ಪ ತಡೆಯಿರಿ. ಡ್ಯಾಮೇಜ್ 10 ಚಿಲ್ಲರೆ, ಅದಕ್ಕೇನೂ ಬೆಲೆ ಇಲ್ಲ. ಆದರೆ ಮೂರು ಬಾಣ, ಮೂರೂ ತಪ್ಪದೆ ತಾಗುತ್ತವೆ. ಎದುರಿನ ಮಂತ್ರವಾದಿ ಕಾನ್ಸಂಟ್ರೇಶನ್ ಹಿಡಿದಿದ್ದರೆ, ಅಂದರೆ ಏಕಾಗ್ರತೆಯಿಂದ ಒಂದು ಸ್ಪೆಲ್ಲನ್ನು ಚಾಲೂ ಇಟ್ಟಿದ್ದರೆ, ಅದನ್ನು ಉಳಿಸಿಕೊಳ್ಳೋಕೆ ಮೂರು ಸಲ ಸೇವ್ ಮಾಡಬೇಕು. ಅವನಿಗೆ ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) ಬೋನಸ್ ಇಲ್ಲದಿದ್ದರೆ ಆರರಲ್ಲಿ ಐದು ಸಲ ಎಲ್ಲೋ ಒಂದು ಕಡೆ ಎಡವುತ್ತಾನೆ. ಮೂರನ್ನೂ ಒಂದೇ ಸೇವ್ ಎಂದು ಎಣಿಸುವ ಡಿಎಂಗಳೂ ಇದ್ದಾರೆ, ಮೊದಲೇ ಕೇಳಿಕೊಳ್ಳಿ. ಅವನ ಹತ್ತಿರ ಶೀಲ್ಡ್ ಇದ್ದರೆ ಮೂರೂ ಬಾಣ ಗಾಳಿಗೆ.

2ನೇ ಲೆವೆಲ್‌ನಲ್ಲಿ ಮಿಸ್ಟಿ ಸ್ಟೆಪ್ ಕಣ್ಣುಮುಚ್ಚಿ ಇಟ್ಟುಕೊಳ್ಳಿ. ಬೋನಸ್ ಆಕ್ಷನ್‌ನಲ್ಲಿ ಮಾಯವಾಗಿ 30 ಅಡಿ ಆಚೆ ಕಾಣಿಸಿಕೊಳ್ಳಬಹುದು, ಕೈ ಕಟ್ಟಿಹಾಕಿದ್ದರೂ ಬಾಯಿ ಇದ್ದರೆ ಸಾಕು. ಎರಡು ಷರತ್ತು. ಹೋಗುವ ಜಾಗ ಕಣ್ಣಿಗೆ ಕಾಣಬೇಕು. ಅದೇ ಟರ್ನ್‌ನಲ್ಲಿ ಫೈರ್‌ಬಾಲ್ ಹಾಕುವ ಹಾಗಿಲ್ಲ, ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಪುಟ್ಟ ಸ್ಪೆಲ್) ಮಾತ್ರ. ಈ ಎರಡನೆಯದನ್ನು ಅರ್ಧ ಟೇಬಲ್‌ಗಳು ಮರೆಯುತ್ತವೆ.

ವೆಬ್ ನನಗೆ ತುಂಬಾ ಇಷ್ಟ. 20 ಅಡಿಯ ಬಲೆ, ಡಿಸಿ ನಿಮ್ಮ 16. ಎರಡು ಗೋಡೆಯೋ ಮರವೋ ಇರುವ ಕಡೆ ಹಾಕಿ, ಬಯಲಿನಲ್ಲಿ ಕುಸಿಯುತ್ತದೆ. ಕಾನ್ಸಂಟ್ರೇಶನ್ ತಿನ್ನುತ್ತದೆ ನಿಜ. ಆದರೆ ಐದಾರು ಪುಡಿ ಕಾವಲುಗಾರರು ಬಂದಾಗ 5ನೇ ಲೆವೆಲ್ ಸ್ಲಾಟ್ ತೆಗೆಯುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಅಂಥ ಕಡೆ ಇದು ಸಾಕು.

ಫೈಂಡ್ ಫೆಮಿಲಿಯರ್ (ಗೂಬೆಯಂಥ ಸಹಾಯಕ ಪ್ರಾಣಿಯನ್ನು ಕರೆಯುವುದು), ಡಿಟೆಕ್ಟ್ ಮ್ಯಾಜಿಕ್ ಎರಡನ್ನೂ ಪ್ರಿಪೇರ್ ಮಾಡಬೇಡಿ. ಪುಸ್ತಕದಲ್ಲಿ ಇದ್ದರೆ ವಿಝರ್ಡ್ ರಿಚುವಲ್ ಆಗಿ, ಅಂದರೆ ಹೆಚ್ಚು ಹೊತ್ತು ತೆಗೆದುಕೊಂಡು, ಹಾಕಬಹುದು, ಸ್ಲಾಟೂ ಬೇಡ. ಗೂಬೆ ಹಾರಿ ಬಂದು ಹೆಲ್ಪ್ ಮಾಡಿ ಹೋದರೆ ನಿಮ್ಮ ರೋಗ್‌ಗೆ (ಕಳ್ಳನ ಪಾತ್ರ) ಅಡ್ವಾಂಟೇಜ್ (ಎರಡು ಸಲ ಉರುಳಿಸಿ ದೊಡ್ಡದನ್ನು ಹಿಡಿಯುವುದು), ಅದರ ಜೊತೆ ಸ್ನೀಕ್ ಅಟ್ಯಾಕ್‌ನ 5 ದಾಳ. ಗೂಬೆ ಸತ್ತರೆ ಮತ್ತೆ ಕರೆಯೋಕೆ ಹತ್ತು ಚಿನ್ನದ ನಾಣ್ಯ, ಒಂದು ಗಂಟೆ ಚಿಲ್ಲರೆ ಹೊತ್ತು. ನಮ್ಮ ಟೇಬಲ್‌ನಲ್ಲಿ ಎಷ್ಟು ಗೂಬೆ ಸತ್ತಿವೆಯೋ ಲೆಕ್ಕ ಇಟ್ಟಿಲ್ಲ.

ನಿಮಗೆ ಪ್ರಿಪೇರ್ ಮಾಡೋಕೆ ಸಿಗುವುದು ಲೆವೆಲ್ 9ಕ್ಕೆ ಇಂಟೆಲಿಜೆನ್ಸ್ ಬೋನಸ್ 4 ಕೂಡಿ 13. ನಾನಾಗಿದ್ದರೆ ಮೇಜ್ ಆರ್ಮರ್, ಶೀಲ್ಡ್, ಅಬ್ಸಾರ್ಬ್ ಎಲಿಮೆಂಟ್ಸ್, ಮಿಸ್ಟಿ ಸ್ಟೆಪ್, ವೆಬ್ ಇಡುತ್ತಿದ್ದೆ. ಆರನೆಯದು ಫೆದರ್ ಫಾಲ್. ಉಳಿದ 7 ನಿಮ್ಮ ದೊಡ್ಡವಕ್ಕೆ. ಫೆದರ್ ಫಾಲ್ ಬೇರೆ ದಿನ ಆಗಿದ್ದರೆ ಹೇಳುತ್ತಿರಲಿಲ್ಲ, ಮ್ಯಾಜಿಕ್ ಮಿಸೈಲ್ ಅನ್ನುತ್ತಿದ್ದೆ. ಆದರೆ ಮುಂದಿನ ವಾರ ಬೆಟ್ಟದ ಮೇಲಿನ ಕೋಟೆ, ಹಗ್ಗದ ಸೇತುವೆ ಇದೆ ಎಂದು ನಿಮ್ಮ ಡಿಎಂ ಹೇಳಿದ್ದಾರೆ ಅಂತ ನೀವೇ ಬರೆದಿದ್ದೀರಿ. ಡಿಎಂ ಆಗಿ ಹೇಳುತ್ತೇನೆ, ಹಗ್ಗದ ಸೇತುವೆ ಇಡುವುದೇ ಕಡಿಯೋಕೆ. ಫೆದರ್ ಫಾಲ್ ಒಂದು ರಿಯಾಕ್ಷನ್‌ನಲ್ಲಿ ಬೀಳುತ್ತಿರುವ ಐದು ಜನರನ್ನು ಹತ್ತಿಯ ಹಾಗೆ ಇಳಿಸುತ್ತದೆ. ನಿಮ್ಮ ಗುಂಪಿನಲ್ಲಿ ಆರು ಜನ ಇದ್ದೀರಿ ಅಲ್ವಾ? ಯಾರನ್ನು ಬಿಡುವುದು ಎಂದು ಈಗಲೇ ಮಾತಾಡಿಕೊಂಡು ಹೋಗಿ.