ಒಂಟಿ ಆಮೆಗೆ ಜೊತೆ ಬೇಕಾ?

ನಿಮ್ಮ ಹತ್ತಿರ ಸಲ್ಕಾಟಾ ಜಾತಿಯ ಒಂದು ಆಮೆಮರಿ ಇದೆ, ಒಂದೇ ಇದ್ದು ಬೇಜಾರಾಗುತ್ತಿರಬಹುದು, ಇನ್ನೊಂದು ತಂದು ಜೊತೆಗೆ ಬಿಡಲಾ ಅಂತ ಕೇಳಿದ್ದೀರಿ. ಬೇಡ ರೀ, ತರಬೇಡಿ. ಕಲಬುರಗಿಯ ನಮ್ಮ ಮನೆಯಲ್ಲಿ ಇದೇ ಕೆಲಸ ಮಾಡಿ ಒಂದು ಮರಿಯ ಜೀವ ಹೋಗುವುದರಲ್ಲಿತ್ತು.

ಮೊದಲೇ ಇದ್ದ ಮರಿಗೆ ಜೊತೆಯಾಗಲಿ ಅಂತ ಅಷ್ಟೇ ಗಾತ್ರದ ಇನ್ನೊಂದನ್ನು ತಂದಿದ್ದೆ. ಒಂದು ಎಲ್ಲಿ ಹೋದರೂ ಇನ್ನೊಂದು ಹಿಂದೆಯೇ ಹೋಗುತ್ತಿತ್ತು, ರಾತ್ರಿ ಒಂದರ ಮೇಲೊಂದು ಹತ್ತಿ ಮಲಗುತ್ತಿದ್ದವು. "ಅಣ್ಣ ತಮ್ಮ ಇದ್ದಂಗ ಅದಾವ ನೋಡು" ಅಂತ ಅವ್ವ ಖುಷಿಪಡುತ್ತಿದ್ದಳು. ನನಗೂ ಹಾಗೇ ಅನ್ನಿಸಿತ್ತು. ಆಮೇಲೆ ತಿಳಿಯಿತು, ಅದು ಪ್ರೀತಿ ಅಲ್ಲವೇ ಅಲ್ಲ. ಹಿಂದೆ ಹೋಗುವುದು ಅಂದರೆ ಅಟ್ಟುವುದು. ಮೇಲೆ ಹತ್ತುವುದು ಬೆಚ್ಚಗಿನ ಜಾಗಕ್ಕಾಗಿ. ಆಮೆ ಕೂಗಾಡುವುದಿಲ್ಲ, ರಕ್ತ ಬರುವ ಹಾಗೆ ಕಚ್ಚಾಡುವುದೂ ಕಡಿಮೆ, ಹಾಗಾಗಿ ಒಂದು ಇನ್ನೊಂದನ್ನು ದಿನವಿಡೀ ಹೆದರಿಸುತ್ತಿದ್ದರೂ ನಮಗೆ ಎಲ್ಲ ಶಾಂತವಾಗಿಯೇ ಕಾಣುತ್ತದೆ.

ಆರು ತಿಂಗಳಲ್ಲಿ ಹಳೆಯದು 500 ಗ್ರಾಂ ದಾಟಿತು, ಹೊಸದು 300ರ ಹತ್ತಿರವೇ ನಿಂತುಬಿಟ್ಟಿತು. ಸೊಪ್ಪು ಹಾಕಿದರೆ ದೊಡ್ಡದು ತಿಂದು ಮುಗಿಸುವ ತನಕ ಚಿಕ್ಕದು ಮೂಲೆ ಬಿಟ್ಟು ಬರುತ್ತಿರಲಿಲ್ಲ. ಜಂತು ಹುಳ ಇರಬೇಕು ಅಂತ ವೈದ್ಯರಿಗೆ ತೋರಿಸಿದೆ, ಇರಲಿಲ್ಲ. ಆಗಲೇ ಬೇರೆ ಮಾಡಬೇಕಿತ್ತು, ಮಾಡಲಿಲ್ಲ. ಏಪ್ರಿಲ್‌ನ ಒಂದು ಮಧ್ಯಾಹ್ನ ನೋಡುತ್ತೇನೆ, ಅಂಗಳದ ಶಹಾಬಾದ್ ಫರಸಿಯ ಮೇಲೆ ಚಿಕ್ಕದು ಅಂಗಾತ ಬಿದ್ದಿದೆ, ಬಾಯಲ್ಲಿ ನೊರೆ. ನಮ್ಮೂರಿನ ಬಿಸಿಲು ನಿಮಗೆ ಗೊತ್ತಲ್ಲ, ಫರಸಿ ಮೇಲೆ ಬರಿಗಾಲು ಇಡೋಕಾಗಲ್ಲ. ನೆರಳಿಗೆ ತಂದು, ತೀರಾ ತಣ್ಣಗಿಲ್ಲದ ನೀರಲ್ಲಿ ಕೂರಿಸಿ, ವೈದ್ಯರ ಹತ್ತಿರ ಓಡಿದೆ. ಬದುಕಿತು. ಇನ್ನರ್ಧ ಗಂಟೆ ತಡವಾಗಿದ್ದರೆ ಏನಾಗುತ್ತಿತ್ತೋ.

ಸಲ್ಕಾಟಾ ಆಫ್ರಿಕಾದಲ್ಲಿ ಸಹಾರಾದ ದಕ್ಷಿಣದ ಅಂಚಿನ ಒಣನೆಲದ ಪ್ರಾಣಿ. ಬಿಲ ತೋಡಿಕೊಂಡು ಹೆಚ್ಚಾಗಿ ಒಂಟಿಯಾಗಿಯೇ ಇರುತ್ತದೆ. ಗಂಡಿಗೆ ಕತ್ತಿನ ಕೆಳಗೆ ಚಿಪ್ಪು ಮುಂದಕ್ಕೆ ಚಾಚಿಕೊಂಡಿರುತ್ತದೆ, ಅದರಿಂದಲೇ ಎದುರಾಳಿಯನ್ನು ಗುದ್ದಿ ಮಗುಚಿ ಹಾಕುವುದು. ದೊಡ್ಡದಾದ ಮೇಲೆ 40-50 ಕೆಜಿ ತೂಗುವ ಎರಡು ಗಂಡು ಗುದ್ದಾಡಿದರೆ ಬಿಡಿಸುವುದು ಹೇಗೆ ಯೋಚನೆ ಮಾಡಿ. ಗಂಡು-ಹೆಣ್ಣು ಜೋಡಿ ಕೊಡುತ್ತೇನೆ ಅಂತ ಮಾರುವವರು ಹೇಳಿದರೆ ನಂಬಬೇಡಿ, ಮರಿಯಲ್ಲಿ ನೋಡಿ ಅದು ಗೊತ್ತಾಗುವುದಿಲ್ಲ, ವರ್ಷಗಳು ಬೇಕು. ಜೋಡಿಯೇ ಆದರೂ ಗಂಡು ಆ ಒಂದೇ ಹೆಣ್ಣಿನ ಬೆನ್ನು ಬಿಡುವುದಿಲ್ಲ.

ಈಗಾಗಲೇ ತಂದಿದ್ದರೆ ಇವತ್ತೇ ಬೇರೆ ಮಾಡಿ. ನಡುವೆ ಜಾಲರಿ ಬೇಡ, ಒಂದಕ್ಕೊಂದು ಕಂಡರೆ ದಿನವಿಡೀ ಅದನ್ನೇ ಗುದ್ದುತ್ತಾ ಇರುತ್ತವೆ. ಇಟ್ಟಿಗೆಯ ಅಡ್ಡಗೋಡೆ ಕಟ್ಟಿ, ಆ ಕಡೆ ಈ ಕಡೆ ಎರಡಕ್ಕೂ ಬೇರೆ ಬೇರೆ ನೆರಳು, ನೀರು, ಮೇವು ಇರಲಿ. ನಾನು ಹಾಗೇ ಮಾಡಿದೆ. ಗರಿಕೆ, ದಾಸವಾಳದ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿ, ಎಲ್ಲಾ ಅದೇ ಮೇವು, ಆದರೂ ಚಿಕ್ಕದು ಎರಡೇ ವಾರದಲ್ಲಿ ಹಾಕಿದ ತಕ್ಷಣ ಬಂದು ತಿನ್ನತೊಡಗಿತು. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ, ಏನಾದರೂ ತೊಂದರೆ ಇದ್ದರೆ ಮೊದಲು ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಯಾರಾದರೂ ಕಡಿಮೆ ದುಡ್ಡಿಗೆ ನಕ್ಷತ್ರ ಆಮೆ ಕೊಡುತ್ತೇನೆ ಅಂದರೆ ಮುಟ್ಟಲೇಬೇಡಿ. ಅದು ನಮ್ಮ ದೇಶದ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸಾಕುವುದೇ ಅಪರಾಧ, ಜೈಲಿಗೂ ಹೋಗಬೇಕಾಗಬಹುದು. ಜೊತೆಗೆ ಬೇರೆ ಜಾತಿಯ ಆಮೆಗಳನ್ನು ಕೂಡಿಹಾಕಿದರೆ ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ನಿಮ್ಮ ಸಲ್ಕಾಟಾ ವಿದೇಶಿ ಜಾತಿ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಅನ್ನುವ ವೆಬ್‌ಸೈಟ್‌ನಲ್ಲಿ ಅದನ್ನು ನೋಂದಾಯಿಸಬೇಕು. ಮಾಡಿಸಿಲ್ಲದಿದ್ದರೆ ಅರಣ್ಯ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.